ರೀಲಿನ ಗಾಡಿಯ ಹಿಂದಿನ ನಟ್ಟು

ಗಾಡಿ ತಳ್ಳಿಕೊಂಡು ಬರುತ್ತಿದ್ದುದನ್ನು ದೂರದಿಂದ ನೋಡಿಯೇ ನನಗೆ ಸಿಟ್ಟು ಬಂದಿತ್ತು. ಹಿಂದಿನ ಗಾಲಿ ಕುಡಿದವನ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಾಡುತ್ತಿತ್ತು. ಬೇರಿಂಗು ಸವೆದು ತಿಂಗಳುಗಳೇ ಕಳೆದಿರಬೇಕು. ಟೈರಿನಲ್ಲಿ ರಬ್ಬರಿಗಿಂತ ಒಳಗಿನ ಬಟ್ಟೆಯೇ ಹೆಚ್ಚಾಗಿ ಕಾಣುತ್ತಿತ್ತು. ಮಿಷನ್ನು ಗೋಗರೆಯುವಾಗ ಕಿವಿಗೆ ಹತ್ತಿ ಇಟ್ಟುಕೊಂಡು ಓಡಿಸುವುದು, ಕೊನೆಗೆ ನಮ್ಮ ಶೆಡ್ಡಿನ ಮುಂದೆ ತಂದು ನಿಲ್ಲಿಸಿ ಬೆವರು ಒರೆಸಿಕೊಳ್ಳುವುದು, ಇದು ದಾವಣಗೆರೆಯ ಗಿರಾಕಿಗಳ ಹಳೆಯ ಚಾಳಿ.

"ಶುಕ್ರವಾರ ಮಧ್ಯಾಹ್ನಕ್ಕ ಬೇಕು ತಮ್ಮಾ," ಅಂದರು ಅವರು.

"ಇವತ್ತು ಮಂಗಳವಾರ ರೀ."

"ಅದಕ್ಕ ಬಂದೀನಿ. ಶುಕ್ರವಾರ ಆಗಿದ್ರ ತಳ್ಕೊಂಡು ಬರ್ತಿದ್ದಿಲ್ಲ, ಹೊತ್ಕೊಂಡು ಬರ್ತಿದ್ದೆ."

ಊರೆಲ್ಲ ಅವರನ್ನು ರೀಲಿನವರು ಅನ್ನುತ್ತಿತ್ತು. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ಮೋಟರ್ ಸೈಕಲ್ ಮೇಲೆ ಕಾಗದ ಪತ್ರ ಒಯ್ಯುವ ಕೆಲಸದಲ್ಲಿದ್ದವರು. ಆಮೇಲೆ ಸೈನ್ಯದವರು ಹರಾಜು ಹಾಕಿದ ಒಂದು ವಿಲಾಯತಿ ಗಾಡಿಯನ್ನು ಹಿಡಿದು ಊರಿಗೆ ಬಂದಿದ್ದರು. ಆಗ ಹೊಸ ಸಿನಿಮಾ ಬಂದರೆ ದಾವಣಗೆರೆಗೂ ಹರಿಹರಕ್ಕೂ ಸೇರಿ ಒಂದೇ ಪ್ರಿಂಟು. ಇಲ್ಲಿ ಮಧ್ಯಾಹ್ನದ ಆಟದ ಮೊದಲರ್ಧ ಓಡಿದ ಕೂಡಲೇ ಆ ರೀಲುಗಳನ್ನು ತಗಡಿನ ಡಬ್ಬಿಗೆ ತುಂಬಿ ಹರಿಹರದ ಟಾಕೀಸಿಗೆ ಮುಟ್ಟಿಸಬೇಕು. ಅಲ್ಲಿ ಆಟ ತಡವಾಗಿ ಶುರು. ಅಲ್ಲಿಯವರು ಅದನ್ನು ಓಡಿಸಿ ಮುಗಿಸುವಷ್ಟರಲ್ಲಿ ಇವರು ತಿರುಗಿ ಬಂದು ಉಳಿದರ್ಧ ಒಯ್ಯಬೇಕು. ಸ್ವಲ್ಪ ತಡವಾದರೂ ಹರಿಹರದ ಜನ ಬೆಂಚು ಮುರಿಯುತ್ತಾರೆ. ಈ ಓಡಾಟವೇ ಅವರ ಮನೆಯ ಅನ್ನ.

ಈಗ ಟಾಕೀಸಿನ ಮ್ಯಾನೇಜರು ಒಂದು ಮಾತು ಹೇಳಿ ಕಳಿಸಿದ್ದರು. ಟ್ಯಾಕ್ಸಿಯವನೊಬ್ಬ ತಾನು ಒಯ್ಯುತ್ತೇನೆ ಎಂದು ಕಾದು ಕುಳಿತಿದ್ದಾನೆ. ಶುಕ್ರವಾರ ಮೋಟರ್ ಸೈಕಲ್ ಬಾರದಿದ್ದರೆ ಕೆಲಸ ಅವನಿಗೆ. ಒಂದು ದಿನಕ್ಕಲ್ಲ, ಕಾಯಂ.

"ಬೇರಿಂಗು ಹುಬ್ಬಳ್ಳಿಯಿಂದ ತಂದಿಟ್ಟೀನಿ. ಟೈರು ಮನಿಯಾಗ ಐತೆ. ಗಾಲಿ ಬಿಚ್ಚಿ ಹಾಕೋದೊಂದ ಬಾಕಿ," ಅಂದರು, ಇನ್ನೇನು ಕೆಲಸ ಮುಗಿದೇ ಹೋಯಿತು ಅನ್ನುವ ಹಾಗೆ.

ಗಾಲಿ ಬಿಚ್ಚಬೇಕಾದರೆ ಅದರ ಅಚ್ಚಿನ ತುದಿಯ ನಟ್ಟು ಬಿಚ್ಚಬೇಕು. ನಾನು ಬಗ್ಗಿ ನೋಡಿದೆ. ಗ್ರೀಸು, ಧೂಳು, ಹತ್ತಿಯ ನಾರು ಎಲ್ಲ ಸೇರಿ ಅಲ್ಲೊಂದು ಕರೀ ಮುದ್ದೆಯಾಗಿತ್ತು. ಸೀಮೆಎಣ್ಣೆ ಹಾಕಿ ಬ್ರಷ್ಷಿನಿಂದ ತಿಕ್ಕಿದಾಗ ನಟ್ಟು ಹೊರಬಂತು. ಅದನ್ನು ನಟ್ಟು ಅನ್ನುವುದು ಅದರ ಮೇಲಿನ ಗೌರವದಿಂದ. ಆರು ಮೂಲೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಎಲ್ಲೆಲ್ಲೂ ಚಾಣದ ಏಟು.

ಕಾರಣ ನನಗೆ ಗೊತ್ತಿತ್ತು. ನಮ್ಮ ಪೇಟೆಯಲ್ಲಿ ಒಂದು ಪದ್ಧತಿ ಇತ್ತು. ಗಾಲಿಯ ನಟ್ಟು ಬಿಗಿ ಮಾಡಿದ ಮೇಲೆ ಉಸ್ತಾದರು ಅದರ ಅಂಚಿಗೆ ಚಾಣ ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಡುತ್ತಿದ್ದರು. ಕಬ್ಬಿಣ ಒಳಕ್ಕೆ ಮಡಚಿ ಅಚ್ಚಿನ ಮೇಲಿನ ಸುರುಳಿ ಗೀರನ್ನು, ಅಂದರೆ ಮರೆಯನ್ನು, ಕಚ್ಚಿ ಹಿಡಿಯುತ್ತದೆ, ನಟ್ಟು ಸಡಿಲವಾಗುವುದಿಲ್ಲ ಎಂಬುದು ಲೆಕ್ಕ. ಏಟು ಕೊಡುವಾಗ ಕೆಲವರು ಬಸವಣ್ಣ ಅನ್ನುವರು, ಕೆಲವರು ಬಿಸ್ಮಿಲ್ಲಾ ಅನ್ನುವರು. ಗಿರಾಕಿ ಆ ಏಟು ಬೀಳುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಬಿಗಿ ಮಾಡಿದ್ದನ್ನು ಅವನು ನೋಡಿರದಿದ್ದರೂ ಪರವಾಗಿಲ್ಲ, ಕೊನೆಯ ಏಟು ಮಾತ್ರ ಕಿವಿಗೆ ಬೀಳಬೇಕು. ನನ್ನ ಉಸ್ತಾದರ ಕೈಕೆಳಗಿದ್ದಾಗ ಈ ಏಟಿನ ಶಬ್ದ ಕೇಳಿ ಕೇಳಿ ನನಗೆ ರೋಸಿ ಹೋಗಿತ್ತು. ಸ್ವಂತ ಶೆಡ್ಡು ಹಾಕಿದ ದಿನವೇ ಚಾಣವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ.

ನಾವು ಸ್ಪ್ಯಾನರಿಗೆ ಪಾನಾ ಅನ್ನುತ್ತಿದ್ದೆವು. ಇದ್ದ ಪಾನಾಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಒಂದು ಹೋಗುವುದೇ ಇಲ್ಲ, ಇನ್ನೊಂದು ಹೋದರೆ ಗಿರಗಿರ ತಿರುಗುತ್ತದೆ. ಗಾಡಿ ವಿಲಾಯತಿಯದು, ಅದರ ಅಳತೆಯ ಪಾನಾಗಳು ಮೊದಲೇ ಅಪರೂಪ. ಕೊನೆಗೆ ಪೈಪ್ ಪಾನಾ ಹಿಡಿದೆ. ಸೈಲೆನ್ಸರ್ ಬಿಚ್ಚಿಟ್ಟರೂ ನಟ್ಟು ಚೌಕಟ್ಟಿನ ಮಡಿಕೆಯೊಳಗೆ ಒಂದು ಗುಳಿಯಲ್ಲಿ ಕೂತಿತ್ತು. ಪಾನಾದ ದಪ್ಪ ದವಡೆ ಅರ್ಧ ಮಾತ್ರ ಒಳಗೆ ಹೋಯಿತು. ಮೈಯ ಭಾರವೆಲ್ಲ ಹಾಕಿ ಒತ್ತಿದೆ. ಸರ್ರೆಂದು ಜಾರಿ ನನ್ನ ಬೆರಳಿನ ಗಂಟುಗಳು ಚೌಕಟ್ಟಿಗೆ ಬಡಿದವು, ಚರ್ಮ ಸುಲಿಯಿತು. ನಟ್ಟಿನ ಒಂದು ಮೂಲೆ ಇನ್ನಷ್ಟು ಸವೆಯಿತು.

"ಚಾಣ ಇಟ್ಟು ಎರಡು ಕೊಡು ತಮ್ಮಾ, ತಿರುಗ್ತೈತೆ," ಅಂದರು ರೀಲಿನವರು.

"ಚಾಣದಿಂದ ಗಾಡಿ ರಿಪೇರಿ ಮಾಡೋದಾದ್ರ ಕಲ್ಲು ಕಡಿಯೋರ ಹತ್ರ ಹೋಗ್ರಿ."

ಅವರಿಗೆ ಬೇಸರವಾಗಲಿಲ್ಲ, ನಕ್ಕರು. ಅವರ ನಗುವೇ ನನ್ನ ಚಡಪಡಿಕೆಯನ್ನು ಹೆಚ್ಚು ಮಾಡಿತು. ಚಾಣ ಬೇಡ ಅಂದದ್ದು ಬರೀ ಹಟಕ್ಕಲ್ಲ. ನಟ್ಟು ಸೀಳಲು ಹೋಗಿ ಏಟು ತಪ್ಪಿ ಅಚ್ಚಿನ ಮರೆಗೆ ಬಿದ್ದರೆ ಮುಗಿಯಿತು. ನಟ್ಟು ಹೋದರೆ ಇನ್ನೊಂದನ್ನು ಮಾಡಿಸಬಹುದು. ಆ ಅಚ್ಚು ಹುಬ್ಬಳ್ಳಿಯಲ್ಲೂ ಸಿಗದು. ಗರಗಸ ಆ ಗುಳಿಯೊಳಗೆ ಆಡುವುದಿಲ್ಲ. ಬೆಂಕಿ ಕೊಟ್ಟರೆ ಅಚ್ಚಿನ ಹದ ಹೋಗುತ್ತದೆ. ಉಳಿದದ್ದು ಒಂದೇ, ಈ ನಟ್ಟಿಗೆ ಸರಿಯಾಗುವ ಪಾನಾ.

ಬುಧವಾರ ಬೆಳಿಗ್ಗೆ ಮಿಲ್ಲಿನ ಕೂಗು ಆಗುವ ಮೊದಲೇ ನಾನು ಎದ್ದಿದ್ದೆ. ಊರಿನ ಗುಜರಿ ಅಂಗಡಿಗಳನ್ನು ಒಂದೂ ಬಿಡದೆ ಸುತ್ತಿದೆ. ಹಳೆಯ ಲಾರಿ ಪಾನಾ, ಪಂಪಿನ ಪಾನಾ, ಹಿಡಿಯೇ ಇಲ್ಲದ ಪಾನಾ, ಎಲ್ಲವನ್ನೂ ಮುಟ್ಟಿ ನೋಡಿದೆ. ಕಡೆಗೆ ಆನೆಕೊಂಡದ ಕಮ್ಮಾರ ಚಾಚಾನ ಕುಲುಮೆಗೆ ಹೋದೆ. ಎತ್ತಿನ ಗಾಡಿಯ ಪಟ್ಟಿಯಿಂದ ಹಿಡಿದು ತೊಟ್ಟಿಲ ಸರಪಳಿಯವರೆಗೆ ಏನು ಬೇಕಾದರೂ ಮಾಡುತ್ತಿದ್ದ ಮುದುಕ. ಮಾತು ಮಾತ್ರ ಬಲು ಮೊನಚು.

ನಟ್ಟಿನ ಎದುರುಬದುರು ಮಗ್ಗುಲಿನ ಅಳತೆಯನ್ನು ಒಂದು ದಪ್ಪ ರಟ್ಟಿಗೆ ಕತ್ತರಿಸಿ ಒಯ್ದಿದ್ದೆ. ಚಾಚಾ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

"ಲೋಹಾದ ಕೆಲಸಕ್ಕೆ ಕಾಗದದ ನಾಪು ತಂದೀಯಲ್ಲೋ ಬೇಟಾ. ಟೋಪಿ ಹೊಲಿಯಾಕ ಬಂದೀಯೇನು?"

"ಮೊದಲು ಮಾಡು ಚಾಚಾ, ಆಮ್ಯಾಲೆ ಬೈ."

ಲಾರಿಯ ಕಮಾನಿನ ಪಟ್ಟಿಯ ತುಂಡೊಂದನ್ನು ಕಾಯಿಸಿ, ಬಡಿದು, ಬಾಯಿ ಬಿಡಿಸಿ, ಮಧ್ಯಾಹ್ನದ ಹೊತ್ತಿಗೆ ತೆಳ್ಳನೆಯ ಒಂದು ಪಾನಾ ಮಾಡಿಕೊಟ್ಟ. ಶೆಡ್ಡಿಗೆ ಬಂದು ನಟ್ಟಿಗೆ ಹಾಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು! ನನಗೆ ಎಷ್ಟು ಹಿಗ್ಗಾಯಿತೆಂದರೆ ಶೆಡ್ಡಿನಲ್ಲಿ ಕಾದು ಕೂತಿದ್ದ ರೀಲಿನವರಿಗೂ ಸೇರಿಸಿ ಪಕ್ಕದ ಹೋಟೆಲಿಗೆ ಎರಡು ಚಹಾ ಹೇಳಿಬಿಟ್ಟೆ. ಒತ್ತಿದೆ. ನಟ್ಟು ಮಿಸುಕಲಿಲ್ಲ. ಆ ಇಕ್ಕಟ್ಟಿನಲ್ಲಿ ಪಾನಾ ತಿರುಗುವುದೇ ನಾಲ್ಕು ಬೆರಳಿನಷ್ಟು ಜಾಗ. ಬಲ ಹಾಕಲು ಹಿಡಿ ಕೆಳಗೆ ಬರುವ ಹಾಗೆ ಪಕ್ಕದ ಮಗ್ಗುಲಿಗೆ ಬದಲಿಸಿ ಹಾಕಬೇಕು. ಬದಲಿಸಿದೆ. ಪಾನಾ ಲೊಡಲೊಡ ಅಂದಿತು. ಮೂರನೇ ಜೋಡಿ ಮಗ್ಗುಲಿಗೆ ಹಾಕಲು ಹೋದರೆ ಒಳಗೇ ಹೋಗಲಿಲ್ಲ.

ಆಗ ನನಗೆ ಬೆಳಕಾಯಿತು. ನಾನು ಅಳೆದದ್ದು ಒಂದೇ ಜೋಡಿಯನ್ನು. ಒಂದು ಅಳೆದರೆ ಮೂರೂ ಅಳೆದ ಹಾಗೆ ಅಂದುಕೊಂಡಿದ್ದೆ. ಯಾವ ನಟ್ಟಿನಲ್ಲಾದರೂ ಅದು ಸರಿಯೇ. ಇದರಲ್ಲಿ ಏಟು ತಿಂದ ಮಗ್ಗುಲು ಉಬ್ಬಿತ್ತು, ಪೈಪ್ ಪಾನಾ ಜಾರಿದ ಮಗ್ಗುಲು ಸವೆದಿತ್ತು. ಆರೂ ಮಗ್ಗುಲು ಆರು ಥರ.

ಚಹಾ ಬಂತು. ರೀಲಿನವರು ತಮ್ಮದನ್ನು ನಿಧಾನವಾಗಿ ಕುಡಿದರು. ನನ್ನದು ಆರಿ ನೀರಾಯಿತು.

ಒಂದೇ ಕಡೆ ಕಚ್ಚುವ ಬಾಯಿ ಪಾನಾ ಸಾಲದು, ಸುತ್ತಲೂ ಹಿಡಿಯುವ ರಿಂಗ್ ಪಾನಾ ಬೇಕು ಎಂದು ತೀರ್ಮಾನಿಸಿ ಗುರುವಾರ ಬೆಳಗಿನ ರೈಲಿಗೆ ಹರಿಹರಕ್ಕೆ ಹೋದೆ. ಅಲ್ಲಿ ಲೇತು ಇಟ್ಟುಕೊಂಡಿದ್ದ ಒಬ್ಬರು ನನಗೆ ಪರಿಚಯ. ಬೆಳ್ಳಗಿನ ಧೋತರ ಉಟ್ಟು ಲೇತಿನ ಮುಂದೆ ನಿಲ್ಲುತ್ತಿದ್ದರು. ಅದರ ಮೇಲೆ ಒಂದು ಎಣ್ಣೆ ಚುಕ್ಕೆಯನ್ನೂ ನಾನು ಕಂಡಿಲ್ಲ. ಮೂರು ಅಳತೆಗಳನ್ನೂ ಹೇಳಿದೆ.

"ಮೂರಕ್ಕೂ ಸರಿಯಾಗೋದು ಹೆಂಗೆ ಮಾಡಲಿ?" ಅಂದರು. "ದೊಡ್ಡ ಅಳತಿಗೆ ಮಾಡ್ತೀನಿ. ಉಳಿದಿದ್ದಕ್ಕ ತಗಡು ಚೂರು ತುರುಕಿಕೊಳ್ರಿ."

"ತುರುಕಿದ್ರ ಹಿಡೀತೈತೇನ್ರಿ?"

"ನನ್ನ ಪಾನಾ ಹಿಡೀತೈತೆ. ನಿಮ್ಮ ನಟ್ಟು ಹಿಡಿಸಿಕೊಳ್ತೈತೋ ಇಲ್ಲೋ ನನಗೇನು ಗೊತ್ತು?"

ಎರಡು ತಾಸು ಕಾದೆ. ಕೂಡಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೊಳೆಯ ದಂಡೆಯವರೆಗೆ ಹೋಗುವುದು, ಅಲ್ಲಿಂದ ಓಡುತ್ತಾ ಬರುವುದು, ಲೇತಿನವರ ಮುಖ ನೋಡುವುದು. ಕೊನೆಗೆ ಅವರೇ ಗದರಿಸಿದರು: "ಬಾಣಂತಿ ಮನಿ ಮುಂದ ತಿರುಗಿದಂಗ ತಿರುಗಬ್ಯಾಡ್ರಿ, ನನ್ನ ಕೈ ನಡುಗ್ತೈತೆ." ಪಾನಾ ಚೆಂದವಾಗಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಸ್ಸು ಹತ್ತಿ ಬಂದು ನಟ್ಟಿಗೆ ಹಾಕಿ, ಸಂದಿಗೆ ಹಿತ್ತಾಳೆ ತಗಡಿನ ಚೂರು ತುರುಕಿ, ಹಿಡಿಗೆ ಪೈಪು ಸಿಕ್ಕಿಸಿ ಒತ್ತಿದೆ. ತಗಡು ಬೆಣ್ಣೆಯ ಹಾಗೆ ಹಿಸುಕಿ ಹೊರಬಂತು. ಪಾನಾ ಒಂದು ಸುತ್ತು ಹೊಡೆಯಿತು, ನಟ್ಟು ಇದ್ದಲ್ಲೇ ಇತ್ತು.

ನಾನು ಪಾನಾವನ್ನು ಎತ್ತಿ ಗೋಡೆಗೆ ಬಿಸಾಕಿದೆ. ತಗಡಿನ ಗೋಡೆ ಊರಿಗೆಲ್ಲ ಕೇಳುವ ಹಾಗೆ ಬಾರಿಸಿತು. ನಾಳೆ ಮಧ್ಯಾಹ್ನ ಆಟ. ಬೇಕಾದರೆ ಅವರು ಬೇರೆ ಶೆಡ್ಡಿಗೆ ಹೋಗಲಿ, ಚಾಣ ಹೊಡೆಸಿಕೊಳ್ಳಲಿ, ಅಚ್ಚು ಮುರಿದುಕೊಳ್ಳಲಿ, ನನಗೇನು ಅನ್ನಿಸಿತು. ಅನ್ನಿಸಿದ ಮರುಗಳಿಗೆಗೇ ನಾಚಿಕೆಯೂ ಆಯಿತು.

ಅದೇ ಹೊತ್ತಿಗೆ ರೀಲಿನವರು ಬಾಡಿಗೆ ಜಟಕಾದಲ್ಲಿ ಬಂದಿಳಿದರು. ಹೊಸ ಸಿನಿಮಾದ ಪ್ರಿಂಟು ರೈಲಿಗೆ ಬಂದಿತ್ತು. ಸ್ಟೇಷನ್ನಿನಿಂದ ಬಿಡಿಸಿಕೊಂಡು ಟಾಕೀಸಿಗೆ ಹೋಗುವ ದಾರಿಯಲ್ಲಿ ಗಾಡಿಯ ಕಥೆ ಏನಾಯಿತೆಂದು ನೋಡಲು ನಿಲ್ಲಿಸಿದ್ದರು. ಡಬ್ಬಿಗಳ ಪೆಟ್ಟಿಗೆಗೆ ಹುರಿ ಸುತ್ತಿ ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ ಒತ್ತಿದ್ದರು. ನಾನು ಆ ಅರಗನ್ನೇ ನೋಡುತ್ತಾ ನಿಂತೆ. ಕಳಿಸಿದವರ ಮುದ್ರೆಯ ಒಂದೊಂದು ಗೆರೆಯೂ ಅದರಲ್ಲಿ ಮೂಡಿತ್ತು. ಮುದ್ರೆಯ ಒಂದು ಕಡೆ ಚೂರು ಹೋಗಿದ್ದುದು ಕೂಡ ಹಾಗೇ ಬಂದಿತ್ತು.

ಅಳೆಯುವುದರಲ್ಲೇ ನಾನು ಎಡವುತ್ತಿದ್ದೆ. ಈ ನಟ್ಟಿಗೆ ಅಳತೆಯೇ ಇಲ್ಲ. ಇರುವುದು ಆಕಾರ ಮಾತ್ರ. ಅಳೆಯುವುದನ್ನು ಬಿಟ್ಟು ಅರಗಿನಲ್ಲಿ ಅದರ ಪಡಿಯಚ್ಚು ತೆಗೆದರೆ?

"ಇದನ್ನ ಒಡೀರಿ," ಅಂದೆ.

"ಟಾಕೀಸಿನಾಗ ಆಪರೇಟರ ಮುಂದ ಒಡೀಬೇಕು ತಮ್ಮಾ."

"ಒಡೆದ ಮ್ಯಾಲೆ ಚೂರು ಒಂದೂ ಬಿಡದಂಗ ನನಗ ತಂದುಕೊಡ್ರಿ. ಹಂಗ ಆಸ್ಪತ್ರಿ ಕಂಪೌಂಡರ ಹತ್ರ ಹೋಗಿ, ಕೈ ಮುರಿದೋರಿಗೆ ಕಟ್ಟೋ ಬಿಳಿ ಪ್ಲಾಸ್ಟರ್ ಪುಡಿ ಒಂದು ಹಿಡಿ ತರ್ರಿ."

"ಯಾರ ಕೈ ಮುರೀತು?"

"ಇನ್ನೂ ಮುರಿದಿಲ್ಲ. ಬೇಗ ಬರದಿದ್ರ ಮುರೀತೈತೆ."

ಅವರು ಬೇಗ ಬಂದರು. ಅರಗನ್ನು ಬೆಂಕಿಯ ಹತ್ತಿರ ಹಿಡಿದು ಮೆತ್ತಗೆ ಮಾಡಿ, ನಟ್ಟಿಗೆ ಎಣ್ಣೆ ಸವರಿ, ಸುತ್ತ ಒತ್ತಿದೆ. ಆರಿದ ಮೇಲೆ ಎಳೆದರೆ ಉಬ್ಬಿದ ಒಂದು ಅಂಚಿಗೆ ಸಿಕ್ಕಿ ಎರಡು ಹೋಳಾಯಿತು. ಅಂಚನ್ನು ಸಣ್ಣ ಅರದಿಂದ ಉಜ್ಜಿ, ಚೂರುಗಳನ್ನೆಲ್ಲ ಮತ್ತೆ ಕರಗಿಸಿ, ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಒತ್ತಿದೆ. ಈ ಸಲ ಉಸಿರು ಬಿಗಿಹಿಡಿದು ನೆಟ್ಟಗೆ ಎಳೆದೆ. ಪುಟ್ಟ ಬಟ್ಟಲಿನ ಹಾಗೆ ಇಡಿಯಾಗಿ ಬಂತು. ಅದರೊಳಗೆ ಪ್ಲಾಸ್ಟರ್ ಕಲಸಿ ಹುಯ್ದೆ. ಗಟ್ಟಿಯಾದ ಮೇಲೆ ಅರಗನ್ನು ಒಡೆದರೆ ಕೈಯಲ್ಲಿ ಆ ದರಿದ್ರ ನಟ್ಟಿನ ಅವಳಿ, ಅದೂ ಹಾಲಿನಂತೆ ಬೆಳ್ಳಗೆ!

ಹತ್ತಿ ಮಿಷನ್ನಿನ ಹಳೆಯ ಬೋಲ್ಟೊಂದು ಶೆಡ್ಡಿನಲ್ಲಿ ಬಿದ್ದಿತ್ತು. ಅದರ ತಲೆ ನಟ್ಟಿಗಿಂತ ಸ್ವಲ್ಪ ದೊಡ್ಡದು. ಅದನ್ನು ಬೆಂಚಿನ ವೈಸಿನಲ್ಲಿ ಕಚ್ಚಿಸಿ ಅರ ಹಿಡಿದೆ. ಬಿಳಿಯ ಅವಳಿಯನ್ನು ಎದುರಿಗೆ ಇಟ್ಟುಕೊಂಡು ಒಂದೊಂದು ಮಗ್ಗುಲನ್ನೂ ಕ್ಯಾಲಿಪರಿನಿಂದ ಹೋಲಿಸಿ ಹೋಲಿಸಿ ಉಜ್ಜಿದೆ. ಉಬ್ಬಿದ್ದು ಉಬ್ಬಿದ ಹಾಗೆ, ತಗ್ಗಿದ್ದು ತಗ್ಗಿದ ಹಾಗೆ. ಕೆಲಸ ಕಲಿತಾಗಿನಿಂದ ನಾನು ಕಬ್ಬಿಣವನ್ನು ನೇರ ಮಾಡಲು ಅರ ಹಿಡಿದವನು. ಸೊಟ್ಟ ಮಾಡಲು ಹಿಡಿದದ್ದು ಅದೇ ಮೊದಲು. ಸೊಟ್ಟ ಮಾಡುವುದು ಎರಡು ಪಟ್ಟು ಕಷ್ಟ. ಸುಲಿದ ಬೆರಳುಗಳು ಉರಿಯುತ್ತಿದ್ದವು. ರೀಲಿನವರು ಎದುರಿಗೆ ಕೂತು ನೋಡುತ್ತಿದ್ದರು. ಅವರ ನಗು ಆಗ ಇರಲಿಲ್ಲ.

ಹೊತ್ತು ಇಳಿಯುವ ಮುಂಚೆ ಇಬ್ಬರೂ ಆನೆಕೊಂಡಕ್ಕೆ ಓಡಿದೆವು. ಬೋಲ್ಟಿನ ತಲೆ ನೋಡಿ ಚಾಚಾ ಹುಬ್ಬೇರಿಸಿದ.

"ಇಷ್ಟು ಕೆಟ್ಟ ಕೆಲಸ ಯಾರು ಮಾಡಿದ್ರು?"

"ನಾನ ಚಾಚಾ. ಬೇಕಂತಲೇ ಮಾಡಿದ್ದು."

ವಿಷಯ ತಿಳಿದ ಮೇಲೆ ಅವನಿಗೆ ಹುರುಪು ಬಂತು. ಕಮಾನಿನ ಪಟ್ಟಿಯ ತುದಿಯಲ್ಲಿ ತೂತು ಮಾಡಿ ಕೆಂಪಗೆ ಕಾಯಿಸಿದ. ಕಾದ ತೂತಿನೊಳಗೆ ತಣ್ಣಗಿನ ಬೋಲ್ಟಿನ ತಲೆಯನ್ನು ಇಟ್ಟು ಸುತ್ತಿಗೆಯಿಂದ ಇಳಿಸಿದ. ಕಬ್ಬಿಣ ಅದರ ಸುತ್ತ ಹಿಟ್ಟಿನ ಹಾಗೆ ಕೂತಿತು.

"ಹೊರಗ ಹೊಡಿ, ಹೊರಗ ಹೊಡಿ!" ಎಂದು ಕೂಗಿದ. "ಜಲ್ದಿ! ತಣ್ಣಗಾದ್ರ ಎರಡಕ್ಕೂ ನಿಕಾ ಆಗಿಬಿಡ್ತೈತೆ, ತಲಾಖ್ ಮಾಡ್ಸಾಕ ನನ್ನಿಂದ ಆಗಂಗಿಲ್ಲ!"

ತಿರುಗಿಸಿ ಹೊಡೆದೆ. ಬೋಲ್ಟು ಟಣ್ಣೆಂದು ನೆಲಕ್ಕೆ ಬಿತ್ತು. ತಣ್ಣಗಾದ ಮೇಲೆ ತೂತು ಕೂದಲೆಳೆಯಷ್ಟು ಕುಗ್ಗಿತ್ತು, ಅದನ್ನು ಅರದಿಂದ ಬಿಡಿಸಿಕೊಂಡೆ. ಚಾಚಾ ಹದ ಕೊಟ್ಟ. ಯಾವ ಮೂಲೆಗೆ ಯಾವ ಮೂಲೆ ಎಂದು ತಪ್ಪದ ಹಾಗೆ ಪಾನಾದ ಮೇಲೊಂದು ಗೆರೆ ಕೊರೆದೆ.

ಶೆಡ್ಡಿಗೆ ಬಂದು, ಗೆರೆ ನೋಡಿ ನಟ್ಟಿನ ಮೇಲೆ ಇಟ್ಟೆ. ಹೋಗಲಿಲ್ಲ. ಮತ್ತೆ ನೋಡಿದರೆ ಗಡಿಬಿಡಿಯಲ್ಲಿ ಒಂದು ಮಗ್ಗುಲು ಪಕ್ಕಕ್ಕೆ ಹಿಡಿದಿದ್ದೆ. ಸರಿಮಾಡಿ ಅಂಗೈಯಿಂದ ತಟ್ಟಿದೆ, ತಳದವರೆಗೂ ಇಳಿದು ಕೂತಿತು. ಅಲುಗಾಡಿಸಿದರೆ ಅಲುಗಲಿಲ್ಲ. ಹಿಡಿಗೆ ಪೈಪು ಸಿಕ್ಕಿಸಿ ನಾನೊಂದು ಕಡೆ, ರೀಲಿನವರೊಂದು ಕಡೆ ನಿಂತು ಒತ್ತಿದೆವು. ಪೈಪು ಬಾಗತೊಡಗಿತು. ಆಮೇಲೆ ಒಳಗಿನಿಂದ ಕಿರ್ರೆಂದು ಒಂದು ಶಬ್ದ, ಮುದುಕರು ಚಾಪೆಯಿಂದ ಏಳುವಾಗ ಬರುವಂಥದ್ದು. ನಟ್ಟು ತಿರುಗಿತ್ತು.

ನನಗೆ ಅಳು ಬಂತು. ಬೆರಳಿನ ಉರಿಯಿಂದ ಅಂತ ಅವರಿಗೆ ಹೇಳಿದೆ.

ಬಿಚ್ಚಿದ ನಟ್ಟನ್ನು ಅವರು ಅಂಗೈ ಮೇಲೆ ಇಟ್ಟುಕೊಂಡು ಹೊರಳಿಸಿ ನೋಡಿದರು. "ಈ ಏಟು ರಾಣೆಬೆನ್ನೂರಿನದು. ಇದು ನಿಮ್ಮ ಉಸ್ತಾದರದು. ಈ ಮೂರೂ ನನ್ನವು," ಅಂದರು. ಆಮೇಲೆ ತಾವಾಗಿಯೇ ಹೇಳಿದರು. ವರ್ಷಗಳ ಹಿಂದೆ ಕೊಕ್ಕನೂರಿನ ದಾರಿಯಲ್ಲಿ ಭಾವಮೈದುನನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಇದೇ ಗಾಡಿಯ ಹಿಂದಿನ ನಟ್ಟು ಸಡಿಲವಾಗಿ ಗಾಲಿ ವಾಲಿತ್ತು. ಇವರಿಗೆ ತರಚಿದ ಗಾಯ. ಅವನ ಕಾಲು ಮಾತ್ರ ಮೊಣಕಾಲಿನ ಕೆಳಗೆ ಹೋಯಿತು. "ಅವತ್ತು ಆ ನಟ್ಟಿಗೆ ಕೊನೀ ಏಟು ಬಿದ್ದಿದ್ದಿಲ್ಲ. ಅವಸರ ಅಂತ ನಾನ ಬ್ಯಾಡ ಅಂದಿದ್ದೆ. ಆಮ್ಯಾಲೆ ಒಂದು ದಿನಾನೂ ಬಿಟ್ಟಿಲ್ಲ."

ಕಲ್ಲು ಕಡಿಯುವವರ ಹತ್ತಿರ ಹೋಗಿ ಅಂದಿದ್ದೆನಲ್ಲ, ಆ ಮಾತು ನನ್ನನ್ನೇ ಚುಚ್ಚಿತು.

ಅಂದೇ ಬೇರಿಂಗು, ಟೈರು ಕೂರಿಸಿದೆ. ಹಳೆಯ ನಟ್ಟನ್ನು ಮತ್ತೆ ಹಾಕುವ ಮಾತೇ ಇಲ್ಲ. ಅದರ ಒಳಮರೆಯೂ ಏಟಿನಿಂದ ಅರ್ಧ ಸತ್ತಿತ್ತು. ಅಚ್ಚಿನ ಮರೆ ಮಾತ್ರ ಪುಣ್ಯಕ್ಕೆ ಚೆನ್ನಾಗಿತ್ತು. ಶುಕ್ರವಾರ ಮೊದಲ ಬಸ್ಸಿಗೆ ಅಚ್ಚನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಮತ್ತೆ ಹರಿಹರಕ್ಕೆ ಹೋದೆ. ಲೇತಿನವರು ಅಚ್ಚಿನ ಮರೆಗೆ ಹೊಂದುವ ಹೊಸ ನಟ್ಟು ಕಡೆದುಕೊಟ್ಟರು. ಹೊರಗಿನ ಅಳತೆಯನ್ನು ಊರಲ್ಲಿ ಎಲ್ಲರ ಪೆಟ್ಟಿಗೆಯಲ್ಲೂ ಇರುವ ಪಾನಾಕ್ಕೆ ಸರಿಯಾಗಿ ಇಡಿಸಿದೆ. ನಟ್ಟಿನ ತಲೆಯಲ್ಲಿ ಕಚ್ಚುಗಳು, ಅಚ್ಚಿನ ತುದಿಯಲ್ಲಿ ಅಡ್ಡಲಾಗಿ ಒಂದು ತೂತು. ನಟ್ಟು ಬಿಗಿಯಾದ ಮೇಲೆ ಕಚ್ಚಿನ ಮೂಲಕ ಪಿನ್ನು ತೂರಿಸಿ ಅದರ ಎರಡೂ ಕಾಲು ಮಡಚಿದರೆ, ಪಿನ್ನು ತುಂಡಾಗದೆ ನಟ್ಟು ತಿರುಗುವುದಿಲ್ಲ. ತೂತು ಕೊರೆಯುವಾಗ ಡ್ರಿಲ್ಲಿನ ಎರಡು ಬಿಟ್ಟುಗಳು ಮುರಿದವು. ಅವರು ನನ್ನನ್ನು ಬೈದರು, ನಾನು ಗಡಿಯಾರ ನೋಡಿದೆ.

ದಾವಣಗೆರೆಗೆ ಬಂದಾಗ ಮಧ್ಯಾಹ್ನದ ಆಟ ಆಗಲೇ ಶುರುವಾಗಿತ್ತು. ಟಾಕೀಸಿನ ಎದುರು ಟ್ಯಾಕ್ಸಿ ನಿಂತಿತ್ತು. ಅದರ ಯಜಮಾನ ಬಾನೆಟ್ ಒರೆಸುತ್ತಿದ್ದ. ರೀಲಿನವರು ಗಾಡಿಯನ್ನೂ ಬಿಚ್ಚಿದ ಗಾಲಿಯನ್ನೂ ಒಂದು ಕೈಬಂಡಿಯ ಮೇಲೆ ಹೇರಿಸಿ ಅಲ್ಲಿಗೇ ತಂದು, ಹಿಂದಿನ ಭಾಗಕ್ಕೆ ಕಲ್ಲು ಕೊಟ್ಟು ಎತ್ತಿ ಇಟ್ಟಿದ್ದರು. ಗಾಲಿ ಏರಿಸಿ, ಅಚ್ಚು ತೂರಿಸಿ, ಚೈನು ಸರಿಮಾಡಿ, ನಟ್ಟು ಬಿಗಿದೆ. ಪಿನ್ನು ಹಾಕಿ ಕಾಲು ಮಡಚಿದೆ. ಒಳಗಿನಿಂದ ಮೊದಲರ್ಧದ ಡಬ್ಬಿಗಳು ಹೊರಗೆ ಬಂದವು. ಮ್ಯಾನೇಜರು ಒಮ್ಮೆ ಟ್ಯಾಕ್ಸಿ ಕಡೆ, ಒಮ್ಮೆ ನಮ್ಮ ಕಡೆ ನೋಡಿದರು.

"ಆಯ್ತೇನ್ರಿ?"

"ಆಯ್ತು," ಅಂದೆ ನಾನು.

ರೀಲಿನವರು ಗಾಡಿ ಹತ್ತಲಿಲ್ಲ. ನಟ್ಟನ್ನೇ ನೋಡುತ್ತಿದ್ದರು.

"ತಮ್ಮಾ, ಒಂದು ಏಟು."

"ಬ್ಯಾಡ ಅಣ್ಣಾರ. ಪಿನ್ನು ಹಾಕೀನಿ, ನೋಡ್ರಿ. ಏಟಿಗಿಂತ ಇದು ಗಟ್ಟಿ."

"ಇರಬಹುದು. ಸಣ್ಣದೊಂದು ಕೊಡು."

"ಇವತ್ತು ಒಂದು ಕೊಟ್ರ ಮುಂದಿನ ಸಲ ಇನ್ನೊಂದು ಕೊಡ್ತಾರೆ. ಮತ್ತ ಅದ ಕಥಿ."

"ಹಂಗಾದ್ರ ನನ್ನ ಕೈಲಿ ಆಗಂಗಿಲ್ಲ," ಅಂದು ಡಬ್ಬಿಗಳಿಂದ ಎರಡು ಹೆಜ್ಜೆ ಹಿಂದೆ ಸರಿದರು. ಯುದ್ಧ ನೋಡಿ ಬಂದ ಮನುಷ್ಯ. ಎದುರಿಗೆ ಟ್ಯಾಕ್ಸಿ, ಅದರ ಹಿಂದೆ ಅವರ ಮನೆಯ ಒಲೆ, ಎಲ್ಲ ಗೊತ್ತಿದ್ದೂ ಕಾಲು ಎತ್ತಲಾಗುತ್ತಿಲ್ಲ. ಟ್ಯಾಕ್ಸಿಯವನು ಬಟ್ಟೆ ಜಾಡಿಸಿ ಬಾಗಿಲು ತೆರೆದ.

ಚಾಣ ಶೆಡ್ಡಿನಲ್ಲಿತ್ತು. ಇಲ್ಲೇ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ನಾನು ಡಬ್ಬಿಗಳನ್ನು ಎತ್ತಿ ಕ್ಯಾರಿಯರಿನ ಎರಡೂ ಕಡೆ ಕಟ್ಟಿ, ಹಿಂದಿನ ಸೀಟಿನ ಮೇಲೆ ಹತ್ತಿ ಕೂತೆ.

"ನಡೀರಿ."

"ನೀನು ಯಾಕ?"

"ಗಾಲಿ ಬಿದ್ರ ಮೊದಲು ನನ್ನ ಕಾಲು ಹೋಗ್ಲಿ. ನಡೀರಿ ಅಣ್ಣಾರ, ಹರಿಹರದಾಗ ಜನ ಬೆಂಚು ಮುರೀತಾರ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದ ಹಾಗೆ ಅನ್ನಿಸಿತು. ಬಹಳ ಹೊತ್ತೇನೂ ಆಗಿರಲಿಕ್ಕಿಲ್ಲ. ಆಮೇಲೆ ಕಿಕ್ಕರ್ ಒದ್ದರು.

ಧೈರ್ಯವಾಗಿ ಹತ್ತಿದವನಿಗೆ ಊರು ದಾಟುವಷ್ಟರಲ್ಲಿ ಹೆದರಿಕೆ ಶುರುವಾಯಿತು. ತೂತು ಕೊರೆದದ್ದರಿಂದ ಅಚ್ಚಿನ ತುದಿ ಬಲ ಕಳೆದುಕೊಂಡಿದ್ದರೆ? ಪಿನ್ನಿನ ಕಾಲು ಸರಿಯಾಗಿ ಮಡಚಿದ್ದೆನೋ ಇಲ್ಲವೋ? ಗಡಿಬಿಡಿಯಲ್ಲಿ ಒಂದೇ ಕಾಲು ಮಡಚಿದೆನೇ? ಹತ್ತಿ ಗಾಡಿಗಳ ಸಾಲನ್ನು ಬಳಸಿಕೊಂಡು ಅವರು ಗಾಡಿ ಹೊರಳಿಸಿದಾಗಲೆಲ್ಲ ನನ್ನ ಕಾಲು ತಾನಾಗಿಯೇ ಮೇಲೆ ಹೋಗುತ್ತಿತ್ತು. ಪ್ರತಿ ಗುಂಡಿಗೂ ಒಂದೊಂದು ದೇವರನ್ನು ನೆನೆದೆ. ರೀಲಿನವರ ಬೆನ್ನು ಹಲಗೆಯ ಹಾಗೆ ಸೆಟೆದಿತ್ತು. ಗಾಲಿ ಮಾತ್ರ ಗೆರೆ ಎಳೆದ ಹಾಗೆ ಓಡುತ್ತಿತ್ತು.

ಹರಿಹರದ ಟಾಕೀಸಿನ ಮುಂದೆ ನಿಂತ ಕೂಡಲೇ ಆಪರೇಟರು ಡಬ್ಬಿಗಳನ್ನು ಕಸಿದುಕೊಂಡು ಮೆಟ್ಟಿಲು ಹತ್ತಿದ. ರೀಲಿನವರು ಗಾಡಿಯಿಂದ ಇಳಿದವರೇ ನೆಲಕ್ಕೆ ಕೂತು ನಟ್ಟನ್ನು ಮುಟ್ಟಿದರು. ತಿರುಗಿಸಲು ನೋಡಿದರು. ಪಿನ್ನಿನ ಎರಡೂ ಕಾಲನ್ನು ಬೆರಳಿನಿಂದ ತಡವಿದರು. ಎದ್ದು ಮತ್ತೆ ಗಾಡಿ ಹತ್ತಿದರು.

ದಾವಣಗೆರೆಗೆ ತಿರುಗಿ ಬಂದು ಉಳಿದ ಡಬ್ಬಿಗಳನ್ನು ಕಟ್ಟಿದ ಮೇಲೆ ನಾನು ಹಿಂದೆ ಹತ್ತಲು ಹೋದೆ. ಅವರು ಕೈ ಅಡ್ಡ ಮಾಡಿದರು.

"ಇಳಿ. ನಾನೊಬ್ಬನ ಹೋಗ್ತೀನಿ. ನಿನ್ನ ಭಾರದಿಂದ ತಡ ಆಗ್ತೈತೆ."

ಹೋದರು. ಮಿಷನ್ನಿನ ಶಬ್ದ ಮಿಲ್ಲುಗಳ ಸದ್ದಿನಲ್ಲಿ ಕರಗುವವರೆಗೂ ನಿಂತಿದ್ದೆ. ಆಮೇಲೆ 'ಮಂಡಕ್ಕಿ ತಿನ್ನಬೇಕು' ಅಂದುಕೊಂಡು ಕೊಂಡೆ, ತಿನ್ನಲಾಗಲಿಲ್ಲ. ಮ್ಯಾನೇಜರು ಟ್ಯಾಕ್ಸಿಯವನಿಗೆ ಏನೋ ಹೇಳಿದರು. ಅವನು ಬಾಗಿಲು ದಢಾರೆಂದು ಹಾಕಿಕೊಂಡು ಸ್ಟೇಷನ್ನಿನ ಕಡೆ ಹೋದ. ಅದನ್ನು ನೋಡಿಯೂ ನನಗೆ ಸಮಾಧಾನವಾಗಲಿಲ್ಲ. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಕತ್ತು ಚಾಚುತ್ತಿದ್ದೆ.

ಬಿಸಿಲು ಹಳದಿಯಾಗುವ ಹೊತ್ತಿಗೆ ಬಂದರು. ಗಾಡಿಯನ್ನು ಸ್ಟ್ಯಾಂಡಿಗೆ ಎಳೆದು, ಟೋಪಿ ಜಾಡಿಸಿಕೊಂಡು, "ಬಾ, ಚಾ ಕುಡಿಯೋಣ. ಇವತ್ತು ಆರಾಕ ಬಿಡಬ್ಯಾಡ," ಅಂದು ಹೋಟೆಲಿನ ಕಡೆ ನಡೆದರು. ಹರಿಹರದಲ್ಲಿ ನೆಲಕ್ಕೆ ಕೂತು ನೋಡಿದ್ದ ಆ ಮನುಷ್ಯ ಈಗ ನಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ.

ಅವರು ಹೋಟೆಲಿನ ಮೆಟ್ಟಿಲು ಹತ್ತುವವರೆಗೆ ಕಾದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಂಡಿಯೂರಿ, ನಾನೇ ಪಿನ್ನು ಮುಟ್ಟಿ ನೋಡಿದೆ. ಎರಡೂ ಕಾಲು ಮಡಚಿಯೇ ಇದ್ದವು.